ವೃದ್ಧರ ಶುಶ್ರೂಷೆ: ತರಬೇತಿಯ ಅಗತ್ಯ ಮತ್ತು ಅವಕಾಶಗಳು



ಹಿರಿಯರ ಸೇವೆ ನಮ್ಮ ಮನೆಗಳಿಗೆ ಹೊಸದಲ್ಲ. ಆದರೆ ಆ ಸೇವೆಗೆ ಪ್ರೀತಿಯ ಜೊತೆಗೆ ತಿಳಿವಳಿಕೆಯೂ ಅಗತ್ಯವೆಂಬುದನ್ನು ನಾವು ಮನಗಾಣಬೇಕಾಗಿದೆ. 2011ರ ಜನಗಣತಿಯಂತೆ ದೇಶದಲ್ಲಿ 60 ವರ್ಷ ತುಂಬಿದವರ ಸಂಖ್ಯೆ 10 ಕೋಟಿಯನ್ನು ಮೀರಿತ್ತು. ಮಕ್ಕಳು ಉದ್ಯೋಗ ನಿಮಿತ್ತ ದೂರದಲ್ಲಿ ನೆಲೆಸಿರುವ ಮನೆಗಳಲ್ಲಿ ಆರೈಕೆಯ ಹೊಣೆ ಸಂಬಳದ ದಾದಿಯರ ಹಾಗೂ ಆಯಾಗಳ ಮೇಲೆ ಬಿದ್ದಿದೆ.

ತರಬೇತಿಯ ಕೊರತೆಯಿಂದ ಆಗುವ ಹಾನಿ ಅಲ್ಪವಲ್ಲ. ಹಾಸಿಗೆ ಹಿಡಿದವರ ಮಗ್ಗುಲನ್ನು ಆಗಾಗ್ಗೆ, ಸಾಮಾನ್ಯವಾಗಿ ಎರಡು ಗಂಟೆಗೊಮ್ಮೆ, ಬದಲಿಸದಿದ್ದರೆ ಒತ್ತಡ ಬಿದ್ದ ಕಡೆ ರಕ್ತಸಂಚಾರ ಕುಂದಿ ಹುಣ್ಣಾಗುತ್ತದೆ. ನುಂಗಲು ಕಷ್ಟಪಡುವವರಿಗೆ ಮಲಗಿಸಿಯೇ ಗಂಜಿ ಕುಡಿಸಿದರೆ ಅದು ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಉಂಟಾಗಬಹುದು. ಒಂದೆರಡು ದಿನಗಳಲ್ಲಿ ತಲೆದೋರಿದ ಗೊಂದಲವನ್ನು ಅರುಳುಮರುಳೆಂದು ಕಡೆಗಣಿಸಿದರೆ, ಅದರ ಹಿಂದಿರುವ ಸೋಂಕು ಅಥವಾ ಔಷಧದ ದುಷ್ಪರಿಣಾಮ ಗಮನಕ್ಕೆ ಬಾರದೆ ಪ್ರಾಣಾಪಾಯವಾಗಬಹುದು. ಇವು ನಿರ್ದಯೆಯಿಂದಲ್ಲ, ಅರಿವಿಲ್ಲದೆ ಆಗುವ ಅನಾಹುತಗಳು.

ಈ ವಿದ್ಯೆಯನ್ನು ಕಲಿಯಲು ವಿವಿಧ ಹಂತಗಳಲ್ಲಿ ಅವಕಾಶಗಳಿವೆ. ದೆಹಲಿಯ ರಾಷ್ಟ್ರೀಯ ಸಮಾಜ ರಕ್ಷಣಾ ಸಂಸ್ಥೆಯು ಅಲ್ಪಾವಧಿ ಶಿಬಿರಗಳಿಂದ ಹಿಡಿದು ಒಂದು ವರ್ಷದ ಸ್ನಾತಕೋತ್ತರ ಡಿಪ್ಲೊಮಾದವರೆಗೆ ಶಿಕ್ಷಣಕ್ರಮಗಳನ್ನು ರೂಪಿಸಿದೆ. ಕೇಂದ್ರ ಸರ್ಕಾರದ ಅಟಲ್ ವಯೋ ಅಭ್ಯುದಯ ಯೋಜನೆಯಲ್ಲಿ ಶುಶ್ರೂಷಕರ ತರಬೇತಿಯೂ ಸೇರಿದೆ. ಎಂ.ಬಿ.ಬಿ.ಎಸ್. ಪದವೀಧರರಿಗಾಗಿ ಇಂದಿರಾಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯವು ವೃದ್ಧಾಪ್ಯ ವೈದ್ಯಶಾಸ್ತ್ರದ ಡಿಪ್ಲೊಮಾ ರೂಪಿಸಿದೆ. ಮದರಾಸು ವೈದ್ಯಕೀಯ ಕಾಲೇಜಿನಲ್ಲಿ ಈ ವಿಷಯದ ಎಂ.ಡಿ. ಪದವಿ ಶಿಕ್ಷಣ 1996ರಲ್ಲೇ ಆರಂಭವಾಯಿತು. 2010-11ರಲ್ಲಿ ಜಾರಿಗೆ ಬಂದ ವೃದ್ಧರ ಆರೋಗ್ಯ ರಕ್ಷಣೆಯ ರಾಷ್ಟ್ರೀಯ ಕಾರ್ಯಕ್ರಮದಡಿ ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆ, ಚೆನ್ನೈಯ ಇದೇ ಕಾಲೇಜು ಹಾಗೂ ಮುಂಬಯಿಯ ಜೆ.ಜೆ. ಆಸ್ಪತ್ರೆಗಳು ಪ್ರಾದೇಶಿಕ ಕೇಂದ್ರಗಳಾಗಿ ಆಯ್ಕೆಯಾದವು. ಚಿಕಿತ್ಸೆಯೊಡನೆ ಸಿಬ್ಬಂದಿಯ ತರಬೇತಿಯೂ ಈ ಕೇಂದ್ರಗಳ ಉದ್ದೇಶಗಳಲ್ಲೊಂದು.

ಹೊರನಾಡಿನ ಕನ್ನಡಿಗರು ಇನ್ನೊಂದು ಅಂಶವನ್ನು ಗಮನಿಸಬೇಕು. ಮರೆವಿನ ರೋಗಕ್ಕೆ ತುತ್ತಾದ ಅನೇಕರಲ್ಲಿ ತರುವಾಯ ಕಲಿತ ಭಾಷೆ ಮೊದಲು ಮಸುಕಾಗಿ, ಬಾಲ್ಯದ ಮಾತು ಉಳಿಯುತ್ತದೆ. ನಲವತ್ತು ವರ್ಷ ಮುಂಬಯಿಯಲ್ಲಿ ಮರಾಠಿ, ಹಿಂದಿ ಆಡಿದ ಹಿರಿಯರೂ ಕೊನೆಗೆ ನೋವನ್ನು, ಹಸಿವನ್ನು ಕನ್ನಡದಲ್ಲೇ ಹೇಳಿಕೊಳ್ಳಬಹುದು. ಅದನ್ನು ಅರ್ಥಮಾಡಿಕೊಳ್ಳಬಲ್ಲ, ತರಬೇತಿ ಪಡೆದ ಕನ್ನಡದ ಯುವಕ ಯುವತಿಯರು ಈ ನಗರಗಳಿಗೆ ಬೇಕಾಗಿದ್ದಾರೆ.

ಶಿಕ್ಷಣಕ್ರಮವನ್ನು ಆರಿಸುವಾಗ ಅದಕ್ಕೆ ಮಾನ್ಯತೆಯಿದೆಯೇ, ರೋಗಿಗಳ ಬಳಿ ಎಷ್ಟು ದಿನಗಳ ಪ್ರತ್ಯಕ್ಷ ಅಭ್ಯಾಸವಿದೆ ಎಂಬುದನ್ನು ವಿಚಾರಿಸಿರಿ. ಈಗಾಗಲೇ ವೃತ್ತಿಯಲ್ಲಿರುವವರು ಪುನಶ್ಚೇತನ ಶಿಬಿರಗಳಿಗೆ ಸೇರಿರಿ. ಮನೆಯವರಾದ ನಾವು ಕಲಿತು ಬಂದವರ ಕೆಲಸಕ್ಕೆ ತಕ್ಕ ಸಂಬಳವನ್ನೂ ವಾರದ ರಜೆಯನ್ನೂ ನೀಡೋಣ. ಶುಶ್ರೂಷಕರಿಗೆ ಗೌರವ ದೊರೆತಲ್ಲಿ ಮಾತ್ರ ಹಿರಿಯರ ಆರೈಕೆ ನೆಮ್ಮದಿಯಿಂದ ನಡೆದೀತು.