ಸೋಮವಾರದಿಂದ ಬರಬೇಡ
(ಹಾಸ್ಟೆಲ್ ವಿದ್ಯಾರ್ಥಿಗಳ ಸಭೆಯಲ್ಲಿ ಆಡಿದ ಮಾತು)



ಕಾರ್ಮಿಕರ ಕಾನೂನಿನ ಬಗ್ಗೆ ನಾಲ್ಕು ಮಾತು ಆಡಿ ಅಂದರು. ನಾವು ವಕೀಲರಲ್ಲ. ಬಿ.ಎ. ಮುಗಿಸಿ ಪದ್ಯ ಬರೆದುಕೊಂಡು ತಿರುಗುತ್ತಿರುವವರು. ಆದರೆ ಒಂದು ಮೊಕದ್ದಮೆಯ ಅರ್ಜಿ ಬರೆದವರು ನಾವೇ, ಹಾಸ್ಟೆಲ್ಲಿನ ಒಂದೇ ರೂಮಿನ ನಾಲ್ವರು. ಅದನ್ನೇ ಹೇಳುತ್ತೇವೆ.

ನಮ್ಮ ರೂಮಿನ ಗೆಳೆಯನ ಅವ್ವ ಊರಾಚೆಯ ಒಂದು ಅಕ್ಕಿ ಗಿರಣಿಯಲ್ಲಿ ಒಂಬತ್ತು ವರ್ಷ ಗೇದವಳು. ಕಣ ಗುಡಿಸೋದು, ಭತ್ತ ಒಣಹಾಕೋದು, ತೌಡು ತುಂಬೋದು. ವಾರಕ್ಕೊಮ್ಮೆ ಬಟವಾಡೆ. 2023ರಲ್ಲಿ ರಜೆಗೆ ಹೋದ ಗೆಳೆಯ ಗಿರಣಿಗೆ ಹೋಗಿ, 'ಸರ್ಕಾರ ಗೊತ್ತು ಮಾಡಿದ ಕನಿಷ್ಠ ಕೂಲಿ ನಮ್ಮವ್ವನಿಗೆ ಯಾಕಿಲ್ಲ' ಅಂತ ಕೇಳಿದ. ಆ ಶನಿವಾರ ಬಟವಾಡೆ ಕೈಗೆ ಹಾಕಿದ ರೈಟರು, 'ನಿನ್ ಮಗ ಓದ್ಕಂಡು ದೊಡ್ಡೋನಾಗವ್ನೆ, ಅವನೇ ಸಾಕ್ಲಿ. ಸೋಮವಾರದಿಂದ ಬರಬೇಡ' ಅಂದ. 'ನಾನೇನ್ ತಪ್ ಮಾಡ್ದೆ ಬುದ್ಧಿ' ಅಂದಳು ಅವ್ವ. ಅಷ್ಟೇ ವಿಚಾರಣೆ. ನೋಟೀಸಿಲ್ಲ, ಕಾಗದವಿಲ್ಲ.

ಕಾನೂನು ಹೇಳೋದು ಬೇರೆ. ಆಗ ಜಾರಿಯಲ್ಲಿದ್ದದ್ದು 1947ರ ಕೈಗಾರಿಕಾ ವಿವಾದ ಕಾಯ್ದೆ. ಹಿಂದಿನ ಹನ್ನೆರಡು ತಿಂಗಳಲ್ಲಿ 240 ದಿನ ಗೇದವರನ್ನು ತಪ್ಪಿಲ್ಲದೆ ತೆಗೆಯಬೇಕಾದರೆ ಒಂದು ತಿಂಗಳ ನೋಟೀಸು ಅಥವಾ ಆ ತಿಂಗಳ ಕೂಲಿ, ಜೊತೆಗೆ ಪೂರೈಸಿದ ಒಂದೊಂದು ವರ್ಷಕ್ಕೆ 15 ದಿನದ ಕೂಲಿ ಕೊಡಬೇಕು. ತಪ್ಪು ಮಾಡಿದ್ದಾರೆ ಅನ್ನುವುದಾದರೆ ಆರೋಪಪಟ್ಟಿ ಕೊಟ್ಟು ವಿಚಾರಣೆ ಮಾಡಬೇಕು. ದಿನಗೂಲಿ ಅಂದಮಾತ್ರಕ್ಕೆ ಈ ರಕ್ಷಣೆ ತಪ್ಪುವುದಿಲ್ಲ.

ಲೇಬರ್ ಆಫೀಸಿಗೆ ಅರ್ಜಿ ಹಾಕಿದೆವು. ಸಾಹುಕಾರರು ಬಂದರು, ಮಡಿಕೆ ಮುರಿಯದ ಅಂಗಿ ಹಾಕ್ಕೊಂಡು. ಅಧಿಕಾರಿಯ ಮುಂದೆ ಹೇಳಿದ್ದು ಹೀಗೆ: 'ಸುಗ್ಗೀಲಿ ಹತ್ತಿಪ್ಪತ್ತು ದಿನ ಬರ್ತಿದ್ಲು. ಆಮೇಲೆ ಅವಳೇ ಬಿಟ್ಟುಹೋದ್ಲು.' ಒಂಬತ್ತು ವರ್ಷ ಒಂದು ವಾಕ್ಯದಲ್ಲಿ ಹೋಯಿತು. ಹೆಬ್ಬೆಟ್ಟು ಒತ್ತಿದ ಪುಸ್ತಕ ಎಲ್ಲಿ ಅಂದರೆ ಅಂಥ ಪುಸ್ತಕವೇ ಇಲ್ಲ ಅಂದರು.

ಇಲ್ಲೇ ನಮ್ಮೋರ ಮೊಕದ್ದಮೆಗಳು ಬಿದ್ದುಹೋಗೋದು. 2002ರಲ್ಲಿ ನಮ್ಮ ಕರ್ನಾಟಕದ ಅರಣ್ಯ ಇಲಾಖೆಯ ಒಬ್ಬ ದಿನಗೂಲಿಯ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು, 240 ದಿನ ಗೇದೆ ಅಂತ ರುಜುವಾತು ಮಾಡುವ ಹೊಣೆ ಕೆಲಸಗಾರನದೇ, ಬರೀ ಅಫಿಡವಿಟ್ಟು ಸಾಲದು ಅಂತ ಹೇಳಿತು. ಹಾಜರಿ ಪುಸ್ತಕ ಧಣಿಯ ಬೀರುವಿನಲ್ಲಿ, ರುಜುವಾತು ನಮ್ಮ ತಲೆ ಮೇಲೆ! 2005ರಲ್ಲಿ ಕರ್ನಾಟಕದ್ದೇ ಇನ್ನೊಂದು ಮೊಕದ್ದಮೆ. ಆ ಕೆಲಸಗಾರ ತಾನೇ ಕಟಕಟೆ ಹತ್ತಿ ಸಾಕ್ಷಿ ಹೇಳಿದ್ದ, ಮಸ್ಟರ್ ರೋಲ್ ತನ್ನಿ ಅಂತ ಕೇಳಿದ್ದ, ಕೈಯಲ್ಲಿ ಕಚೇರಿಯ ಸರ್ಟಿಫಿಕೇಟಿತ್ತು. ಅವನು ಗೆದ್ದ. ಇಬ್ಬರ ಬೆವರೂ ಒಂದೇ. ಒಬ್ಬನ ಹತ್ತಿರ ಕಾಗದವಿತ್ತು.

ಅವ್ವನ ಹತ್ತಿರ ಏನಿದೆ? ನಮ್ಮ ಗೆಳೆಯ 'ಏನೂ ಇಲ್ಲ' ಅಂದುಬಿಟ್ಟ. ಅವ್ವ ಒಳಗೆ ಹೋಗಿ ಒಂದು ತಗಡಿನ ಡಬ್ಬ ತಂದಳು. ಅದರ ತುಂಬ ಬಟವಾಡೆ ಚೀಟಿ. ಇಷ್ಟು ದಿನ, ಇಷ್ಟು ರೂಪಾಯಿ, ಮೂಲೆಯಲ್ಲಿ ಗಿರಣಿಯ ಸೀಲು. ಹಿಂದಿನ ದೀವಳಿಗೆಗೆ ಮನೆ ಬಳಿಯುವಾಗ ಇದೇ ಡಬ್ಬವನ್ನ ನಮ್ಮ ಗೆಳೆಯ ಕಸ ಅಂತ ತಿಪ್ಪೆಗೆ ಎಸೆದಿದ್ದನಂತೆ. ಅಕ್ಷರ ಬಾರದ ಅವ್ವ ಹೋಗಿ ಎತ್ತಿಕೊಂಡು ಬಂದಿದ್ದಳು. ಇದನ್ನ ಹೇಳಲು ನಮಗೆ ನಾಚಿಕೆಯಾಗುತ್ತದೆ, ಆದರೂ ಹೇಳಬೇಕು. ರೂಮಿನ ನೆಲದ ಮೇಲೆ ಚೀಟಿಗಳನ್ನ ತಾರೀಖಿನ ಪ್ರಕಾರ ಹರಡಿಕೊಂಡು ರಾತ್ರಿಯೆಲ್ಲ ಕೂಡಿದೆವು. ಕೊನೆಯ ಹನ್ನೆರಡು ತಿಂಗಳಿಗೆ 251 ದಿನ ಬಂತು. ಮೂರು ವಾರದ ಚೀಟಿ ಇಲಿ ತಿಂದಿತ್ತು.

ರಾಜಿ ಆಗಲಿಲ್ಲ. ಲೇಬರ್ ಕೋರ್ಟಿಗೆ ಹೋಯಿತು, ಇನ್ನೂ ನಡೆಯುತ್ತಿದೆ. ಈಗ ಕೆಲಸ ಕಳಕೊಂಡವರು ಒಂದು ಗಮನಿಸಿ: 2025ರ ನವೆಂಬರ್ 21ರಿಂದ ಹಳೇ ಕಾಯ್ದೆಯ ಜಾಗಕ್ಕೆ ಕೈಗಾರಿಕಾ ಸಂಬಂಧಗಳ ಸಂಹಿತೆ ಬಂದಿದೆ. ರಾಜಿ ಅಧಿಕಾರಿಗೆ ಅರ್ಜಿ ಕೊಟ್ಟು 45 ದಿನ ಕಳೆದರೆ ನೇರವಾಗಿ ನ್ಯಾಯಮಂಡಳಿಗೆ ಹೋಗಬಹುದು. ಆದರೆ ಮುಂಚೆ ಇದ್ದ ಮೂರು ವರ್ಷದ ಗಡುವು ಎರಡಕ್ಕೆ ಇಳಿದಿದೆ. 'ಇವತ್ತು ಕರೀತಾರೆ, ನಾಳೆ ಕರೀತಾರೆ' ಅಂತ ಕಾಯುವ ನಮ್ಮೋರಿಗೆ ಎರಡು ವರ್ಷ ಕಣ್ಣುಮುಚ್ಚಿ ಬಿಡೋದರೊಳಗೆ ಹೋಗುತ್ತದೆ.

ಗೆದ್ದರೆ ಕೆಲಸ ಸಿಕ್ಕೇ ಸಿಗುತ್ತದೆ ಅಂತ ನಾವು ಹೇಳೋದಿಲ್ಲ. ದಿನಗೂಲಿಯವರಿಗೆ ಕೆಲಸದ ಬದಲು ಒಂದಿಷ್ಟು ಇಡಿಗಂಟು ಕೊಡಿಸಿ ಕೋರ್ಟು ಕೈತೊಳೆದುಕೊಳ್ಳುವುದೂ ಉಂಟು. ಇದನ್ನ ಅವ್ವನಿಗೆ ಹೇಳಿದೆವು. 'ದುಡ್ಡು ಎಷ್ಟಾರ ಕೊಡ್ಲಿ ಮಗ. ನಾನು ಗೇದೇ ಇಲ್ಲ ಅಂದ್ನಲ್ಲ, ಅದಕ್ಕೇನ್ ಹೇಳ್ತದೆ ನಿಮ್ ಕೋರ್ಟು?' ಅಂದಳು. ನಮ್ಮಲ್ಲಿ ಉತ್ತರವಿರಲಿಲ್ಲ.

ನೀವು ಈ ಸಲ ರಜೆಗೆ ಊರಿಗೆ ಹೋದಾಗ ಅಪ್ಪ, ಅವ್ವ, ಅಣ್ಣ ಎಲ್ಲಿ ಗೇಯುತ್ತಾರೋ ಅಲ್ಲಿಯ ಚೀಟಿ, ಪಾಸು, ಇ.ಎಸ್.ಐ. ಕಾರ್ಡು ಏನಿದ್ದರೂ ಒಂದು ಕಡೆ ಕಟ್ಟಿಡಿ. ಇಲ್ಲದಿದ್ದರೆ ದಿನಾ ಒಂದು ನೋಟುಬುಕ್ಕಿನಲ್ಲಿ ತಾರೀಖು, ಕೆಲಸ, ಜೊತೆಗೆ ಯಾರಿದ್ದರು ಅಂತ ಬರೆದಿಡಿ. ಅದೊಂದೇ ಸಾಲದು, ಆದರೆ ಸಾಕ್ಷಿ ಹೇಳುವವರನ್ನು ಹುಡುಕಲು ದಾರಿಯಾಗುತ್ತದೆ.

ಮುಂದಿನ ವಾಯಿದೆಗೆ ಆ ಗಿರಣಿಯ ಹಮಾಲಿಯೊಬ್ಬರು ಸಾಕ್ಷಿ ಹೇಳಲು ಒಪ್ಪಿದ್ದಾರೆ. ಅವರ ಹೆಸರು ಇಲ್ಲಿ ಹೇಳೋದಿಲ್ಲ, ಅವರಿನ್ನೂ ಅಲ್ಲೇ ಕೆಲಸದಲ್ಲಿದ್ದಾರೆ. ಅವತ್ತಿನ ಅವರ ಕೂಲಿ, ಇಬ್ಬರ ಬಸ್ ಚಾರ್ಜು ಆಗಬೇಕು. ಬಾಗಿಲ ಹತ್ತಿರ ಡಬ್ಬ ಇಟ್ಟಿದ್ದೇವೆ.