ಗಟ್ಟಿತನದ ಗುಟ್ಟು

ಗಟ್ಟಿಯಾದದ್ದೇ ಬಾಳುತ್ತದೆ ಎಂದು ನಾವು ಸಾಮಾನ್ಯವಾಗಿ ನಂಬಿರುತ್ತೇವೆ. ಆದರೆ 1954ರಲ್ಲಿ ಬ್ರಿಟನ್ನಿನ ಎರಡು ಕಾಮೆಟ್ ಜೆಟ್ ವಿಮಾನಗಳು ಮೆಡಿಟರೇನಿಯನ್ ಸಮುದ್ರದ ಮೇಲೆ ಹಾರುತ್ತಿದ್ದಾಗಲೇ ಒಡೆದು ಬಿದ್ದವು. ತನಿಖೆ ನಡೆಸಿದವರು ಫಾರ್ನ್‌ಬರೊದಲ್ಲಿ ಅದೇ ಮಾದರಿಯ ವಿಮಾನವೊಂದನ್ನು ನೀರಿನ ತೊಟ್ಟಿಯಲ್ಲಿಟ್ಟು, ಒಳಗಿನ ಒತ್ತಡವನ್ನು ಮತ್ತೆ ಮತ್ತೆ ಏರಿಸಿ ಇಳಿಸಿದರು. ಕೊನೆಗೆ ಲೋಹದ ಕವಚ ಕಿಟಕಿಯ ಮೂಲೆಯಲ್ಲಿ ಸೀಳಿತು. ಒಂದು ಹಾರಾಟದ ಒತ್ತಡವನ್ನು ಆ ಲೋಹ ತಾಳಬಲ್ಲದಾಗಿತ್ತು. ಆದರೆ ಪ್ರತಿ ಸಲದ ದಣಿವೂ ಅದರಲ್ಲಿ ಜಮೆಯಾಗುತ್ತಾ ಹೋಗಿತ್ತು.

ನಮ್ಮ ಕರುಳಿನ ಇ. ಕೋಲೈ ಬ್ಯಾಕ್ಟೀರಿಯಾದ ಕೋಶಭಿತ್ತಿಯೂ ಒಳಗಿನ ಒತ್ತಡ ತಡೆಯುವ ಕವಚವೇ. ದಪ್ಪ ಕೆಲವೇ ನ್ಯಾನೋಮೀಟರ್. ಆದರೂ ಅದು ಉಳಿಯುವುದು, ಕಿಣ್ವಗಳು ಹಳೆಯ ಕೊಂಡಿಗಳನ್ನು ಕತ್ತರಿಸಿ ಹೊಸ ಎಳೆಗಳನ್ನು ಎಡೆಬಿಡದೆ ಹೆಣೆಯುವುದರಿಂದ. ಭಿತ್ತಿಯ ಹೊರಗಿರುವ ಪೊರೆಯ ಪ್ರೋಟೀನುಗಳು ಹದಗೆಟ್ಟರೆ ಒಳಗಿನ ಜೀನುಗಳಿಗೆ ಸುದ್ದಿ ಮುಟ್ಟಿ ದುರಸ್ತಿ ಶುರುವಾಗುತ್ತದೆ. ಪೆನಿಸಿಲಿನ್ ವರ್ಗದ ಔಷಧಗಳು ಭಿತ್ತಿಯ ಹೆಣಿಗೆಯನ್ನು ತಡೆದಾಗ, ಕತ್ತರಿಸುವ ಕೆಲಸ ಮಾತ್ರ ಮುಂದುವರಿದು ಕೋಶ ಒಡೆಯುತ್ತದೆ. ಅಂದರೆ ಅದರ ಬಲವಿರುವುದು ಭಿತ್ತಿಯಲ್ಲಿ ಅಲ್ಲ, ದುರಸ್ತಿಯಲ್ಲಿ.

ಜೀವಕ್ಕೂ ಜಡಕ್ಕೂ ಹೋಲಿಕೆ ಸಲ್ಲದು ಎನ್ನಬಹುದು. ಲೋಹ ತನ್ನ ಬಿರುಕನ್ನು ತಾನೇ ಅರಿಯದು, ನಿಜ. ಅದಕ್ಕೇ ಆ ಅರಿವು ಮನುಷ್ಯರ ಹೊಣೆಯಾಗುತ್ತದೆ. ವಿಮಾನಗಳನ್ನು ಕಾಲಕಾಲಕ್ಕೆ ಬಿರುಕಿಗಾಗಿ ತಪಾಸಣೆ ಮಾಡುವುದು ಇದೇ ಕಾರಣಕ್ಕೆ. ನಿರ್ವಹಣೆಗೆ ಖರ್ಚು ಹೆಚ್ಚು ಎಂಬ ಮಾತೂ ಇದೆ. ಆದರೆ ಬ್ಯಾಕ್ಟೀರಿಯಾ ಕೂಡ ದುರಸ್ತಿಗೆ ಶಕ್ತಿ ವ್ಯಯಿಸಿಯೇ ಬದುಕುತ್ತದೆ. ಹಾಗಾಗಿ ಸೇತುವೆ, ಅಣೆಕಟ್ಟುಗಳ ಉದ್ಘಾಟನೆಗೆ ತೋರುವ ಉತ್ಸಾಹವನ್ನು ಅವುಗಳ ವರ್ಷವರ್ಷದ ತಪಾಸಣೆಗೂ ತೋರಿಸೋಣ. ಕಟ್ಟಿದ್ದನ್ನು ಕಾಯುವುದೂ ಕಟ್ಟುವ ಕೆಲಸವೇ.