ಬಿಲ್ಲು ಕಟ್ಟುವ ವಿದ್ಯೆ

(ಧಾರವಾಡದಲ್ಲಿ ಶಿಕ್ಷಕರೂ ನಾಗರಿಕರೂ ಕೂಡಿದ್ದ ಸಭೆಯೊಂದರಲ್ಲಿ ವಕೀಲರೊಬ್ಬರು ಮಾಡಿದ ಭಾಷಣ)



ಅಮರಕೋಶವನ್ನು ಬಾಯಿಪಾಠ ಮಾಡಿದವರಿಗೆ ಬಿಲ್ಲಿನ ಏಳು ಹೆಸರುಗಳು ನಾಲಗೆಯ ತುದಿಯಲ್ಲಿಯೇ ಇರುವವು. ಶಿವನದು ಪಿನಾಕ, ವಿಷ್ಣುವಿನದು ಶಾರ್ಙ್ಗ, ಅರ್ಜುನನದು ಗಾಂಡೀವ ಎಂದು ನಮ್ಮ ಶಾಲೆಯ ಹುಡುಗನೂ ತಡೆಯಿಲ್ಲದೆ ಹೇಳುವನು. ಆದರೆ ಅದೇ ಹುಡುಗನನ್ನು, “ತಮ್ಮಾ, ಬಿಲ್ಲನ್ನು ಯಾವ ಮರದಿಂದ ಮಾಡುವರು?” ಎಂದು ಕೇಳಿರಿ. ಅವನು ಗುರುಗಳ ಮೋರೆಯನ್ನು ನೋಡುವನು. ಗುರುಗಳು ಪುಸ್ತಕದ ಕಡೆಗೆ ನೋಡುವರು. ಹೆಸರು ಓದಿದವರ ಬಳಿಯಲ್ಲಿ ಉಳಿಯಿತು. ಮರವು ಕಾಡಿನಲ್ಲಿ ಉಳಿಯಿತು. ಕೈಯ ಹದವು ಬಡಿಗ-ಮೇದಾರರ ಮನೆಯಲ್ಲಿ ಉಳಿಯಿತು. ಈ ಮೂರೂ ಒಂದೇ ಅಂಗಳದಲ್ಲಿ ಕೂಡದ ಹೊರತು ಬಿಲ್ಲು ಆಗಲಾರದು. ಇಂದು ನಾನು ಹೇಳಬೇಕೆಂದಿರುವ ಮಾತು ಇದೊಂದೇ.

ಬಿಲ್ಲಿನ ಸಾಮಗ್ರಿಯು ನಮಗೆ ದೂರದ್ದಲ್ಲ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಆಯುಧಾಗಾರದ ಪ್ರಕರಣವೊಂದು ಇರುವದು. ತಾಳೆ, ಬಿದಿರು, ಮರ, ಕೋಡು ಎಂದು ಬಿಲ್ಲಿಗೆ ನಾಲ್ಕು ಬಗೆಯ ಸಾಮಗ್ರಿಗಳನ್ನು ಅಲ್ಲಿ ಎಣಿಸಿದೆ. ಹೆದೆಗೆ ಹೇಳಿದ ನಾರುಗಳಲ್ಲಿ ಎಕ್ಕೆಯೂ ಸಣಬೂ ಸೇರಿವೆ. ಎಕ್ಕೆಯ ಗಿಡವು ನಮ್ಮ ಹಾಳು ಬಯಲುಗಳಲ್ಲೆಲ್ಲ ತಾನಾಗಿ ಬೆಳೆಯುವದು. ನಾವು ಅದನ್ನು ದಿನವೂ ದಾಟಿ ನಡೆಯುವೆವು. ಅಲೆಕ್ಸಾಂಡರನ ಸಂಗಡ ಬಂದ ನಿಯಾರ್ಕಸನು ಹಿಂದುಸ್ಥಾನದ ಕಾಲಾಳುಗಳ ಬಿಲ್ಲು ಆಳೆತ್ತರ ಇರುತ್ತಿತ್ತೆಂದೂ, ಅದರ ಒಂದು ತುದಿಯನ್ನು ನೆಲಕ್ಕೂರಿ, ಎಡಗಾಲಿನಿಂದ ಒತ್ತಿ ಹಿಡಿದು ಸೆಳೆಯುತ್ತಿದ್ದರೆಂದೂ ಬರೆದಿದ್ದನು. ಆ ವಿವರವನ್ನು ಏರಿಯನ್ ಎಂಬ ಗ್ರೀಕ ಗ್ರಂಥಕಾರನು ಉಳಿಸಿಕೊಟ್ಟಿರುವನು.

ಇನ್ನು ಮರದ ಮಾತು. ನಮ್ಮ ಪಡುವಣ ಕಾಡುಗಳಲ್ಲಿ ತಡಸಲು ಎಂಬದೊಂದು ಮರ ಉಂಟು. ಒಕ್ಕಲಿಗರು ಅದನ್ನು ಕೊಡಲಿಯ ಕಾವಿಗೆ ಬಳಸುವರು. ಏಕೆಂದರೆ ಅದು ಪೆಟ್ಟನ್ನು ತಿಂದರೂ ಮುರಿಯದೆ ಬಾಗಿ ಮತ್ತೆ ನೆಟ್ಟಗಾಗುವದು. ಇದರ ಸಂಸ್ಕೃತ ಹೆಸರು ಧನ್ವನ! ಹೆಸರಿನಲ್ಲಿಯೇ ಧನುಸ್ಸು ಅಡಗಿದೆ. ಧನ್ವನವೆಂಬ ಶಬ್ದವನ್ನು ಪಂಡಿತರು ಬಲ್ಲರು, ತಡಸಲೆಂಬ ಮರವನ್ನು ಒಕ್ಕಲಿಗನು ಬಲ್ಲನು. ಎರಡೂ ಒಂದೇ ಎಂಬದನ್ನು ಇಬ್ಬರೂ ಒಬ್ಬರಿಗೊಬ್ಬರು ಹೇಳಿಕೊಂಡಿಲ್ಲ. ವಕೀಲನಾದ ನಾನು ಇಲ್ಲಿ ಒಂದು ಮಾತು ಸೇರಿಸಲೇಬೇಕು: ಕಾಡಿನ ಮರಕ್ಕೆ ಅರಣ್ಯ ಇಲಾಖೆಯ ಅಪ್ಪಣೆಯಿಲ್ಲದೆ ಕೊಡಲಿ ಹಾಕಬಾರದು.

ಮೊದಲನೆಯ ಕೆಲಸವು ಕಾಂಡದ ಆಯ್ಕೆ. ಗಂಟು-ತಿರುಚುಗಳಿಲ್ಲದೆ ನೆಟ್ಟಗೆ ಬೆಳೆದುದು ಬೇಕು. ಅದನ್ನು ಗರಗಸದಿಂದ ಕೊಯ್ಯುವದಕ್ಕಿಂತ ಬೆಣೆ ಹೊಡೆದು ಸೀಳುವದು ಲೇಸು. ಗರಗಸವು ಎಳೆಗಳನ್ನು ಕಡಿಯುತ್ತ ಹೋಗುವದು. ಬೆಣೆಯಾದರೋ ಎಳೆಯ ಜಾಡನ್ನು ಹಿಡಿದು ನಡೆಯುವದು. ಸೀಳಿದ ತುಂಡಿನ ಎರಡೂ ತುದಿಗಳಿಗೆ ಮೇಣ ಸವರಿ ನೆರಳಿನಲ್ಲಿ ತಿಂಗಳುಗಟ್ಟಲೆ ಒಣಗಿಸಬೇಕು. ಮೇಣವಿಲ್ಲದಿದ್ದರೆ ತುದಿಗಳು ಬೇಗನೆ ಆರಿ ಬಿರುಕು ಬಿಡುವವು.

ಬಾಗಿದ ಬಿಲ್ಲಿಗೆ ಎರಡು ಮೈಗಳು. ಗುರಿಯ ಕಡೆಗಿರುವ ಬೆನ್ನು ಹಿಗ್ಗುವದು. ಬಿಲ್ಲುಗಾರನ ಕಡೆಗಿರುವ ಹೊಟ್ಟೆ ಕುಗ್ಗುವದು. ಬೆನ್ನಿನ ಎಳೆ ಕಡಿದಲ್ಲಿಂದಲೇ ಸಿಬಿರೆದ್ದು ಬಿಲ್ಲು ಮುರಿಯುವದು. ಆದುದರಿಂದ ತೊಗಟೆಯ ಕೆಳಗಿನ ಪದರನ್ನು ತುದಿಯಿಂದ ತುದಿಯವರೆಗೆ ಗಾಯವಾಗದಂತೆ ಕಾಯ್ದುಕೊಂಡು, ಹೆರೆಯುವ ಕೆಲಸವನ್ನೆಲ್ಲ ಹೊಟ್ಟೆಯ ಕಡೆಯಿಂದ ಮಾಡುವರು. ಬಿದಿರಿನಲ್ಲಿ ಹೊರಗಿನ ಸಿಪ್ಪೆಯೇ ಎಲ್ಲಕ್ಕೂ ಗಟ್ಟಿ. ಅದನ್ನೇ ಬೆನ್ನಾಗಿಡುವದು ಮೇದಾರನಿಗೆ ಹೇಳಿಕೊಡಬೇಕಾದ ಮಾತಲ್ಲ.

ಗಣಿತದ ಗುರುಗಳು ಇಲ್ಲಿ ಕಿವಿಗೊಡಬೇಕು. ಬಿಲ್ಲಿನ ಅಗಲವನ್ನು ಹತ್ತರಲ್ಲೊಂದು ಪಾಲು ತಗ್ಗಿಸಿದರೆ ಅದರ ಬಿರುಸು ಹತ್ತರಲ್ಲೊಂದು ಪಾಲೇ ತಗ್ಗುವದು. ದಪ್ಪವನ್ನು ಅಷ್ಟೇ ತಗ್ಗಿಸಿದರೆ ಬಿರುಸು ನೂರಕ್ಕೆ 27ರಷ್ಟು ಇಳಿಯುವದು. ಏಕೆಂದರೆ ಬಿರುಸು ದಪ್ಪದ ಘನವನ್ನು ಅನುಸರಿಸುವದು. ಒಂದು ಕಡೆ ಎರಡು ಸಲ ಹೆಚ್ಚಿಗೆ ಹೆರೆದರೆ ಸಾಕು, ಬಾಗೆಲ್ಲ ಅಲ್ಲಿಯೇ ಕೂಡಿ, ಮಿಕ್ಕ ಮರವು ಸುಮ್ಮನಿದ್ದು, ಆ ಒಂದು ಗೇಣು ಎಲ್ಲರ ಭಾರವನ್ನು ಹೊತ್ತು ಮುರಿಯುವದು. ತೆಗೆದ ಹೆರಕಲನ್ನು ಮರಳಿ ಅಂಟಿಸುವ ಬಡಿಗನು ಇನ್ನೂ ಹುಟ್ಟಿಲ್ಲ.

ಆದುದರಿಂದ ಬಾಗು ತಿದ್ದುವ ಕೆಲಸವು ಒಬ್ಬನಿಂದಾಗುವಂಥದಲ್ಲ. ಬಿಲ್ಲಿನ ನಡುವನ್ನು ಗೂಟದ ಮೇಲಿಟ್ಟು ಒಬ್ಬನು ಹಗ್ಗದಿಂದ ಹೆದೆಯನ್ನು ಅಂಗುಲ ಅಂಗುಲವಾಗಿ ಸೆಳೆಯುವನು. ಇನ್ನೊಬ್ಬನು ಹತ್ತು ಹೆಜ್ಜೆ ದೂರ ನಿಂತು ಎರಡೂ ಕೊಪ್ಪುಗಳು ಸಮನಾಗಿ ಬರುವವೋ ಹೇಗೆಂದು ನೋಡುವನು. ಸೆಳೆಯುವವನಿಗೆ ಬಾಗು ಕಾಣದು; ನೋಡುವವನಿಗೆ ಬಿಗಿ ತಿಳಿಯದು. ಬಿರುಸಾಗಿ ನಿಂತ ಜಾಗವನ್ನು ನೋಡುವವನು ಗುರುತಿಸಿ ಹೇಳಬೇಕು. ಮೂರನೆಯವನು ಅಷ್ಟನ್ನೇ ಹೆರೆಯಬೇಕು. ಮತ್ತೆ ಸೆಳೆದು ನೋಡಬೇಕು. ಹೀಗೆ ದಿನಗಳೇ ಹೋಗುವವು. ಸಾಲೆಯ ಅಂಗಳಕ್ಕೆ ಇದಕ್ಕಿಂತ ಒಳ್ಳೆಯ ಕೆಲಸವನ್ನು ನಾನು ಕಾಣೆ.

ಇಂಥ ವಿದ್ಯೆಯು ನಮ್ಮಿಂದ ಹೇಗೆ ಹೋಯಿತು? ತೋಪು-ಬಂದೂಕುಗಳ ಮುಂದೆ ಬಿಲ್ಲು ರಣರಂಗದಿಂದ ಹಿಂದೆ ಸರಿದುದು ಲೋಕದಲ್ಲೆಲ್ಲ ಆದ ಸಂಗತಿ. ಆದರೆ ನಮ್ಮಲ್ಲಿ ಆಯುಧದ ಮೇಲೆ ಇನ್ನೊಂದು ಕೈಯೂ ಬಿದ್ದಿತು. 1857ರಲ್ಲಿ ಪರಸರಕಾರವು ನಿಃಶಸ್ತ್ರೀಕರಣದ ಕಾಯದೆಯನ್ನು ತಂದಾಗ ಮುಧೋಳ ಸೀಮೆಯ ಹಲಗಲಿಯ ಬೇಡರು ತಮ್ಮ ಹತಾರಗಳನ್ನು ಒಪ್ಪಿಸಲು ನಿರಾಕರಿಸಿದರು. ಊರಿಗೆ ದಂಡು ಬಂದಿತು, ಮನೆಗಳು ಉರಿದವು, ಹತ್ತೊಂಬತ್ತು ಜನರು ಗಲ್ಲಿಗೇರಿದರು. ಲಾವಣಿಕಾರರು ಆ ಕಥೆಯನ್ನು ಉಳಿಸಿದರು. ಬೇಟೆಯ ಬದುಕಿನವನಿಗೆ ಹತಾರವು ಅನ್ನವೂ ಮಾನವೂ ಆಗಿತ್ತೆಂಬದನ್ನು ತಿಳಿಯದೆ ಆ ಲಾವಣಿಯ ಅರ್ಥವಾಗಲಾರದು.

ಹೋದುದನ್ನು ಮರಳಿ ಪಡೆದವರ ಉದಾಹರಣೆಯೊಂದು ಅಮೇರಿಕೆಯಲ್ಲಿ ಉಂಟು. 1911ರಲ್ಲಿ ಕ್ಯಾಲಿಫೋರ್ನಿಯದ ಓರೊವಿಲ್ ಊರಿಗೆ ಕಾಡಿನಿಂದ ಒಬ್ಬ ಮನುಷ್ಯನು ಬಂದನು. ಅವನ ಯಾಹಿ ಕುಲವೆಲ್ಲ ಬಿಳಿಯರ ಕೈಯಲ್ಲಿ ನಾಶವಾಗಿ, ಅವನೊಬ್ಬನೇ ಉಳಿದಿದ್ದನು. ಅವನು ತನ್ನ ನಿಜನಾಮವನ್ನು ಹೇಳಲಿಲ್ಲ. ಜನರು ಅವನನ್ನು ಇಶಿ, ಎಂದರೆ ಮನುಷ್ಯ ಎಂದು ಕರೆದರು. ವಿಶ್ವವಿದ್ಯಾಲಯದ ಶಸ್ತ್ರವೈದ್ಯನಾದ ಸ್ಯಾಕ್ಸ್‌ಟನ್ ಪೋಪನು ಅವನ ಗೆಳೆತನ ಮಾಡಿ, ಅವನ ಬಳಿಯಲ್ಲಿ ಶಿಷ್ಯನಂತೆ ಕುಳಿತು ಬಿಲ್ಲು-ಬಾಣಗಳನ್ನು ಮಾಡುವದನ್ನು ಕಲಿತನು. 1916ರಲ್ಲಿ ಇಶಿ ಕ್ಷಯದಿಂದ ತೀರಿಕೊಂಡನು. ಪೋಪನು 1923ರಲ್ಲಿ ಪುಸ್ತಕ ಬರೆದನು. ಅದನ್ನು ಓದಿದ ಎಷ್ಟೋ ಹವ್ಯಾಸಿಗಳು ತಮ್ಮ ಕೈಯಿಂದಲೇ ಬಿಲ್ಲು ಮಾಡತೊಡಗಿದರು. ಒಂದು ಕುಲದ ಸಾವಿರಾರು ವರ್ಷಗಳ ಕೈಗಾರಿಕೆಯು ಕೆಲವೇ ವರ್ಷಗಳ ಗೆಳೆತನದಿಂದ ಉಳಿಯಿತು. ವೈದ್ಯನು ಬಾರದಿದ್ದರೆ ಅದು ಇಶಿಯ ಸಂಗಡವೇ ಮಣ್ಣಾಗುತ್ತಿತ್ತು.

ನಮ್ಮಲ್ಲಿಯೂ ಒಂದು ಬಿಲ್ಲು ಬಹುಕಾಲ ಬದುಕಿತ್ತು. ಅದು ಪಿಂಜಾರನ ಬಿಲ್ಲು. ಹತ್ತಿಯ ಸೀಮೆಯಾದ ಹುಬ್ಬಳ್ಳಿ-ಧಾರವಾಡಗಳಲ್ಲಿ ಅದರ ಝೇಂಕಾರವನ್ನು ಕೇಳದ ಓಣಿಯಿರಲಿಲ್ಲ. ಅದರ ಮರವು ಬಾಗುವಂಥದಲ್ಲ, ಹೆದೆಯು ನಡುಗುವಂಥದು. ಮೇಲಿನಿಂದ ತೂಗಬಿಟ್ಟ ಬಿಲ್ಲಿನ ನರದ ಹೆದೆಯನ್ನು ಮರದ ಕೊಡತಿಯಿಂದ ಹೊಡೆದರೆ ಅರಳೆಯು ಹಿಂಜಿ ಹಾರಿ, ಕಸವೆಲ್ಲ ಕೆಳಗುದುರುವದು. ಹೆದೆ ಹದವಾಗಿ ಬಿಗಿದಿದೆಯೋ ಇಲ್ಲವೋ ಎಂಬದನ್ನು ಪಿಂಜಾರನು ಕಿವಿಯಿಂದ ತಿಳಿಯುತ್ತಿದ್ದನು. ಖಾದಿಯ ಕಾಲದಲ್ಲಿ ಓದಿದ ಕಾರ್ಯಕರ್ತರೂ ಅವನ ಬಳಿಯಲ್ಲಿ ಕುಳಿತು ಹಿಂಜುವದನ್ನು ಕಲಿತರು. ಬೆಂಗಳೂರಿನ ವಿದ್ಯುತ್ ಕಾರಖಾನೆಯಲ್ಲಿ ಅಧಿಕಾರಿಯಾಗಿದ್ದು, ಆಮೇಲೆ ಭಾರತಾನಂದರೆನಿಸಿದ ಪೋಲೆಂಡಿನ ಇಂಜಿನಿಯರ ಮಾರಿಸ್ ಫ್ರೀಡ್‌ಮನ್ನರು ಪುಟ್ಟ ಬಿಲ್ಲಿನಿಂದ ಕದಿರು ತಿರುಗಿಸುವ ಧನುಷ್ ತಕಲಿಯನ್ನು ರಚಿಸಿಕೊಟ್ಟರು. ಈಗ ಗಾದಿಯ ಅರಳೆಯನ್ನು ಯಂತ್ರವೇ ಹಿಂಜುತ್ತಿದೆ. ಕೊಡತಿಯ ಹದವನ್ನು ಬಲ್ಲ ಮುದುಕರು ವರ್ಷಕ್ಕೊಬ್ಬರಂತೆ ಕಡಿಮೆಯಾಗುತ್ತಿರುವರು. ಅವರ ಬಳಿಗೆ ಹೋಗುವ ಪೋಪನು ನಮ್ಮಲ್ಲಿ ಯಾರು?

ಗುರುಜನರೇ, ನಾನು ಬೇಡುವದು ಹೆಚ್ಚಿನದೇನೂ ಅಲ್ಲ. ಒಂದೊಂದು ಸಾಲೆಯು ವರ್ಷಕ್ಕೆ ಒಂದು ಬಿಲ್ಲನ್ನು ಮಾಡಲಿ. ರವಿವಾರ ಬಡಿಗನೂ ಮೇದಾರನೂ ಪಿಂಜಾರನೂ ಅಂಗಳಕ್ಕೆ ಬರಲಿ. ಹುಡುಗರು ಅಳೆಯಲಿ, ಸೆಳೆಯಲಿ, ಹೆರೆಯಲಿ. ಬಿಲ್ಲು ಹಗುರವಾಗಿರಲಿ; ಗುರಿಗೆ ಹುಲ್ಲಿನ ಪೆಂಡಿ ಇರಲಿ, ಅದರ ಹಿಂದೆ ಯಾರೂ ಸುಳಿಯದಿರಲಿ; ಬಾಣವಿಲ್ಲದೆ ಹೆದೆಯನ್ನು ಸೆಳೆದು ಬಿಡಬಾರದೆಂಬ ನಿಯಮವನ್ನು ಮೊದಲೇ ಕಲಿಸಿರಿ. ಹಾಗೆ ಬಿಟ್ಟರೆ ಬಾಣಕ್ಕೆ ಸಲ್ಲಬೇಕಾದ ಬಲವು ಬಿಲ್ಲಿಗೇ ಮರಳಿ ಅದನ್ನು ಮುರಿಯುವದು.

ಕೊನೆಯದೊಂದು ಮಾತು. ಬಂದ ಕಸಬುದಾರನನ್ನು ಕೂಲಿಯವನೆಂದು ಕಟ್ಟೆಯ ಕೆಳಗೆ ನಿಲ್ಲಿಸಬೇಡಿರಿ. ಗುರುಗಳ ಕುರ್ಚಿಯ ಸರಿಸಮಕ್ಕೆ ಕುರ್ಚಿ ಹಾಕಿರಿ, ಕಲಿಸಿದ ದಿನದ ಸಂಬಳವನ್ನು ಕೊಡಿರಿ. ಏಕಲವ್ಯನಿಂದ ಗುರುವು ಹೆಬ್ಬೆರಳನ್ನು ಕೇಳಿದ ಕಥೆಯನ್ನು ನಾವು ತಲೆಮಾರುಗಳಿಂದ ಪಾಠ ಹೇಳುತ್ತ ಬಂದಿರುವೆವು. ಕೈಯಲ್ಲಿ ವಿದ್ಯೆಯಿದ್ದವನ ಮುಂದೆ ಗುರುವೇ ಶಿಷ್ಯನಾಗಿ ಕುಳಿತನೆಂಬ ಕಥೆಯನ್ನು ಇನ್ನು ಮುಂದಿನವರು ಹೇಳುವಂತಾಗಲಿ.